ಕೋಳಿ ತಳಿ, ಹ್ಯಾಚರಿ, ಮರಿ: ಬಳ್ಳಾರಿ–ಕೊಪ್ಪಳ–ರಾಯಚೂರು ಸಾಕಣೆದಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಎನ್‌ಇಸಿಸಿ (ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ) ದಿನವೂ ಹೊರಡಿಸುವ ತತ್ತಿ ದರಪಟ್ಟಿಯಲ್ಲಿ ಹೊಸಪೇಟೆಗೆ ಅದರದೇ ಒಂದು ಸಾಲಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ಅದು ಬಳ್ಳಾರಿ ಜಿಲ್ಲೆಯ ಊರೇ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈಸ್‌ಮಿಲ್ಲುಗಳಿಂದ ನುಚ್ಚು, ತೌಡು, ಹೊಟ್ಟು ಸಿಗುತ್ತದೆ. ಹೊಲಗಳಿಂದ ಮೆಕ್ಕೆಜೋಳ, ಸೂರ್ಯಕಾಂತಿ ಬರುತ್ತದೆ. ಸೋಯಾ ಹಿಂಡಿಯೊಂದನ್ನು ಬಿಟ್ಟರೆ ನಮ್ಮ ಭಾಗ ದೂರದಿಂದ ತರಿಸುವ ದೊಡ್ಡ ವಸ್ತು ಎಂದರೆ ಮರಿ. ಮೇವಿನ ದರ, ತತ್ತಿ ದರ ಬಾಯಿಪಾಠ ಇರುವವರೂ ಆ ಮರಿಯ ತಂದೆ–ತಾಯಿ ಎಲ್ಲಿದ್ದವು, ಎಷ್ಟು ವಾರದವು, ಏನು ತಿನ್ನುತ್ತಿದ್ದವು ಎಂದು ವಿಚಾರಿಸುವುದಿಲ್ಲ. ಶೆಡ್ಡಿಗೆ ಬಂದು ಬೀಳುವ ಮರಿಯ ಹಣೆಬರಹದಲ್ಲಿ ಬಹುಪಾಲು ಅದರ ತಾಯಿಯ ಶೆಡ್ಡಿನಲ್ಲೇ ಬರೆದಾಗಿರುತ್ತದೆ. ಅದಕ್ಕಾಗಿಯೇ ಈ ಪ್ರಶ್ನೋತ್ತರ.

ಬ್ಯಾಚಿನಲ್ಲಿ ಚೆನ್ನಾಗಿ ಬೆಳೆದ ಬ್ರಾಯ್ಲರ್‌ಗಳನ್ನು ಉಳಿಸಿಕೊಂಡು ನಾವೇ ಮರಿ ಮಾಡಿಸಬಹುದೇ?

ಮಾಡಿಸಿದರೆ ಮರಿಯೇನೋ ಹುಟ್ಟುತ್ತದೆ, ಆದರೆ ಅದು ನಿಮಗೆ ಬೇಕಾದ ಮರಿ ಆಗಿರುವುದಿಲ್ಲ. ಸೋನಾ ಮಸೂರಿ ಬೆಳೆದವರು ಅದೇ ಭತ್ತವನ್ನು ಮುಂದಿನ ಹಂಗಾಮಿನ ಬೀಜಕ್ಕೆ ಎತ್ತಿಡುತ್ತಾರೆ. ಹೈಬ್ರಿಡ್ ಹತ್ತಿ ಬೆಳೆದವರು ಹಾಗೆ ಮಾಡುವುದಿಲ್ಲ, ವರ್ಷ ವರ್ಷ ಹೊಸ ಪಾಕೀಟು ತರುತ್ತಾರೆ. ಮಾಂಸದ ಬ್ರಾಯ್ಲರ್ ಮರಿಯೂ, ತತ್ತಿಯ ಲೇಯರ್ ಮರಿಯೂ ಆ ಹತ್ತಿಯ ಸಾಲಿಗೆ ಸೇರಿದವು.

ತಳಿ ಕಂಪನಿಗಳು ಶುದ್ಧ ಸಾಲುಗಳನ್ನು, ಅಂದರೆ ಬೇರೆ ರಕ್ತ ಬೆರೆಯದ ವಂಶಗಳನ್ನು, ಹಲವು ತಲೆಮಾರುಗಳಿಂದ ಪ್ರತ್ಯೇಕವಾಗಿ ಸಾಕಿಕೊಂಡು ಬಂದಿರುತ್ತವೆ. ಒಂದು ಸಾಲನ್ನು ಎದೆಮಾಂಸ, ಬೆಳವಣಿಗೆಗಾಗಿ ಆಯ್ದು ಬೆಳೆಸಿದ್ದರೆ ಇನ್ನೊಂದನ್ನು ತತ್ತಿ ಹೆಚ್ಚಿಡಲಿ, ಮರಿ ಚೆನ್ನಾಗಿ ಆಗಲಿ ಎಂದು ಬೆಳೆಸಿರುತ್ತಾರೆ. ಸಾಮಾನ್ಯವಾಗಿ ಎರಡು ಸಾಲು ಕೂಡಿಸಿ ತಂದೆ ಹುಂಜವನ್ನೂ, ಬೇರೆ ಎರಡು ಸಾಲು ಕೂಡಿಸಿ ತಾಯಿ ಕೋಳಿಯನ್ನೂ ಪಡೆಯುತ್ತಾರೆ. ಆ ಇಬ್ಬರ ಮರಿಯೇ ನಿಮ್ಮ ಶೆಡ್ಡಿಗೆ ಬರುವ ಕಾಬ್ 430 ಅಥವಾ ರಾಸ್ 308 ಎಂಬ ಬ್ರಾಯ್ಲರ್ ತಳಿ. ಶುದ್ಧ ಸಾಲು, ಮುತ್ತಜ್ಜ, ಅಜ್ಜ, ಪೇರೆಂಟ್, ಕೊನೆಗೆ ಕಮರ್ಷಿಯಲ್ ಮರಿ ಎಂಬ ಈ ಏಣಿ ಇಳಿದು ಬರಲು ವರ್ಷಗಳೇ ಬೇಕು. ಶುದ್ಧ ಸಾಲಿನಲ್ಲಿ ಇಂದು ಮಾಡಿದ ಆಯ್ಕೆ ನಮ್ಮೂರಿನ ಶೆಡ್ಡಿನಲ್ಲಿ ಕಾಣಿಸಲು ಸುಮಾರು ನಾಲ್ಕು ವರ್ಷ ಹಿಡಿಯುತ್ತದೆ.

ಬೇರೆ ಬೇರೆ ರಕ್ತ ಕೂಡಿದಾಗ ಮರಿಗೆ ಸಿಗುವ ಹೆಚ್ಚುವರಿ ಚೈತನ್ಯಕ್ಕೆ ಸಂಕರ ಬಲ ಎನ್ನುತ್ತಾರೆ. ಅದು ಪೂರ್ತಿಯಾಗಿ ಸಿಗುವುದು ಆ ಒಂದು ತಲೆಮಾರಿಗೆ. ಕಮರ್ಷಿಯಲ್ ಕೋಳಿಗಳನ್ನು ಅವವೇ ಕೂಡಿಸಿದರೆ ನಾಲ್ಕು ಸಾಲಿನ ಗುಣಗಳೂ ಚೆದುರಿ, ಒಂದೇ ಬ್ಯಾಚಿನಲ್ಲಿ ಒಂದು ಮರಿ ದೊಡ್ಡದು, ಒಂದು ಕುಳ್ಳು, ಒಂದು ಕಾಲು ಸೊಟ್ಟ. ಅದಕ್ಕೂ ಮೊದಲಿನ ತೊಂದರೆ ಇನ್ನೊಂದಿದೆ. ಹೊಟ್ಟೆ ತುಂಬ ತಿಂದು ಬೆಳೆದ ಬ್ರಾಯ್ಲರ್ ತತ್ತಿ ಇಡುವ ಆರು ತಿಂಗಳ ವಯಸ್ಸಿಗೆ ಬರುವಷ್ಟರಲ್ಲಿ ಅದರ ತೂಕವನ್ನು ಅದರ ಕಾಲು, ಹೃದಯಗಳೇ ಹೊರಲಾರವು. ನಮ್ಮ ಏಪ್ರಿಲ್ ಬಿಸಿಲಂತೂ ಬಿಡುವುದೇ ಇಲ್ಲ.

ನಲವತ್ತು ದಿನಕ್ಕೆ ಎರಡು ಕಿಲೋ ದಾಟುವುದು ಹಾರ್ಮೋನ್ ಇಂಜೆಕ್ಷನ್‌ನಿಂದ ಅಲ್ಲವೇ?

ಅಲ್ಲ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 1978ರ ತಳಿ ಮತ್ತು 2005ರ ರಾಸ್ 308 ತಳಿಯನ್ನು ಒಂದೇ ಮೇವು ಹಾಕಿ ಜೊತೆಯಲ್ಲಿ ಬೆಳೆಸಿದರು. 56ನೇ ದಿನಕ್ಕೆ ಅವುಗಳ ಸರಾಸರಿ ತೂಕ 905 ಗ್ರಾಂ, 1,808 ಗ್ರಾಂ ಮತ್ತು 4,202 ಗ್ರಾಂ. ಮೇವು, ಶೆಡ್ಡು ಎಲ್ಲ ಒಂದೇ ಆಗಿದ್ದರೂ ತೂಕ ನಾಲ್ಕು ಪಟ್ಟಿಗಿಂತ ಹೆಚ್ಚಾದದ್ದು ತಳಿ ಆಯ್ಕೆಯಿಂದ. ಬೆಳವಣಿಗೆಯ ಹಾರ್ಮೋನ್ ಪ್ರೋಟೀನ್ ಆದ್ದರಿಂದ ಮೇವಿನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಐದು ಸಾವಿರ ಮರಿಗೆ ದಿನವೂ ಒಂದೊಂದು ಸೂಜಿ ಚುಚ್ಚುತ್ತ ಕೂರುವುದು ಯಾವ ಸಾಕಣೆದಾರನಿಗೂ ಆಗುವ ಮಾತಲ್ಲ. ಜನ ನಿಜವಾಗಿ ಕೇಳಬೇಕಾದ ಪ್ರಶ್ನೆ ಆ್ಯಂಟಿಬಯೋಟಿಕ್ ಕುರಿತದ್ದು. ಹಾರ್ಮೋನ್ ಗದ್ದಲದಲ್ಲಿ ಅದು ಮರೆಯಾಗುತ್ತಿದೆ.

ಮಾಂಸವೂ ಬೇಗ, ತತ್ತಿಯೂ ಜಾಸ್ತಿ ಕೊಡುವ ಒಂದೇ ತಳಿ ಏಕಿಲ್ಲ?

ಆ ಎರಡು ಗುಣಗಳು ಒಂದಕ್ಕೊಂದು ಎದುರಾಗಿ ನಡೆಯುತ್ತವೆ. ತೂಕಕ್ಕಾಗಿ ಆಯ್ದಷ್ಟೂ ತತ್ತಿ, ಫಲವತ್ತತೆ ಹಿಂದೆ ಬೀಳುತ್ತವೆ. ಬಿವಿ 300ರಂಥ ಲೇಯರ್ ಕೋಳಿ ಎಂಬತ್ತು ವಾರದೊಳಗೆ ಮುನ್ನೂರಕ್ಕೂ ಹೆಚ್ಚು ತತ್ತಿ ಇಡುತ್ತದೆ. ಬ್ರಾಯ್ಲರ್‌ನ ತಾಯಿ ಕೋಳಿ ಅರವತ್ತನಾಲ್ಕು ವಾರಕ್ಕೆ ಇಡುವುದು ಸುಮಾರು 180 ಮಾತ್ರ, ಅದರಿಂದ ಮಾರಾಟಕ್ಕೆ ಬರುವ ಮರಿ ಸುಮಾರು 140ರಿಂದ 150.

ಅಷ್ಟು ತತ್ತಿ ಬರಬೇಕಾದರೂ ಬ್ರಾಯ್ಲರ್ ಬ್ರೀಡರ್‌ಗೆ, ಅಂದರೆ ಮರಿಗಾಗಿ ಸಾಕುವ ತಂದೆ–ತಾಯಿ ಕೋಳಿಗಳಿಗೆ, ಮೇವು ಅಳೆದು ಹಾಕಬೇಕು. ಮರಿ ವಯಸ್ಸಿನಿಂದಲೇ ವಾರಕ್ಕೊಮ್ಮೆ ತೂಗಿ, ಚಾರ್ಟಿನ ತೂಕ ಮೀರದಂತೆ ಹಿಡಿಯುತ್ತಾರೆ. ಹುಂಜಕ್ಕೂ ಹೆಣ್ಣಿಗೂ ಬೇರೆ ಬೇರೆ ಮೇವಿನ ಪಾತ್ರೆ. ಹೆಣ್ಣಿನ ಪಾತ್ರೆಯ ಮೇಲಿನ ಸರಳಿನ ಸಂದು ಕಿರಿದಾಗಿದ್ದು, ಹುಂಜದ ದೊಡ್ಡ ತಲೆ ಒಳಗೆ ಹೋಗುವುದಿಲ್ಲ. ಹಸಿದ ಕೋಳಿಯನ್ನು ನೋಡುವುದು ಸುಲಭವಲ್ಲ, ತಳಿ ವಿಜ್ಞಾನ ಇನ್ನೂ ಬಿಡಿಸಬೇಕಾದ ಗಂಟು ಇದು ಎಂದೇ ನನ್ನ ಅನಿಸಿಕೆ. ಆದರೆ ತಿಂದಷ್ಟೂ ಮೇವು ಹಾಕಿದರೆ ಅವು ಇನ್ನೂ ಬೇಗ ಸಾಯುತ್ತವೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಬೇಕು. ದೇಹದ ತೂಕ, ತತ್ತಿಯ ತೂಕ ತಂದೆ–ತಾಯಿಯಿಂದ ಚೆನ್ನಾಗಿಯೇ ಇಳಿದು ಬರುತ್ತವೆ. ಫಲವತ್ತತೆ ಮತ್ತು ತತ್ತಿಯಿಂದ ಮರಿಯಾಗುವ ಪ್ರಮಾಣ ಮಾತ್ರ ವಂಶದಿಂದ ಬರುವುದು ಬಹಳ ಕಡಿಮೆ. ಅಂದರೆ ಹ್ಯಾಚ್ (ಮರಿಯಾಗುವ ಈ ಪ್ರಮಾಣ) ಬಿದ್ದಾಗ ತಳಿಯನ್ನು ದೂರುವ ಮುನ್ನ ಮೇವು, ಬೆಳಕು, ಬಿಸಿಲು, ಹುಂಜಗಳನ್ನು ನೋಡಬೇಕು.

ಅಂಗಡಿಯ ತತ್ತಿಯನ್ನು ಕಾವಿಗೆ ಇಟ್ಟರೆ ಮರಿ ಆಗುತ್ತದೆಯೇ?

ಇಲ್ಲ. ಲೇಯರ್ ಫಾರಂನಲ್ಲಿ ಹುಂಜವೇ ಇರುವುದಿಲ್ಲ. ಹೆಣ್ಣು ಕೋಳಿ ಹುಂಜ ಇಲ್ಲದೆಯೂ ತತ್ತಿ ಇಡುತ್ತದೆ. ಅದರಲ್ಲಿ ಜೀವ ಮೊಳೆಯುವುದಿಲ್ಲ. 2021ರ ಡಿಸೆಂಬರಿನಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ತತ್ತಿ ಕೊಡಲು ಶುರುವಾದಾಗ ಈ ಪ್ರಶ್ನೆ ಮನೆಮನೆಯಲ್ಲೂ ಎದ್ದಿತ್ತು. ಮಕ್ಕಳ ತಟ್ಟೆಗೆ ಬಂದದ್ದು ಇಂಥ ಫಲಿಸದ ತತ್ತಿಯೇ. ಹಳದಿಯ ಮೇಲಿನ ಬಿಳಿ ಚುಕ್ಕೆ ಎಲ್ಲ ತತ್ತಿಯಲ್ಲೂ ಇರುತ್ತದೆ. ಅದು ದುಂಡಗೆ, ಉಂಗುರದಂತೆ ಅಂಚುಗಟ್ಟಿದ್ದರೆ ಫಲಿತ, ಚಿಕ್ಕದಾಗಿ ಗಟ್ಟಿ ಬೆಳ್ಳಗೆ ಅಂಕುಡೊಂಕಾಗಿದ್ದರೆ ಫಲಿಸದ್ದು.

ತತ್ತಿ ಹೊಟ್ಟೆಯಲ್ಲಿ ರೂಪುಗೊಳ್ಳಲು ಎಷ್ಟು ಹೊತ್ತು ಬೇಕು? ಹುಂಜ ಒಮ್ಮೆ ಕೂಡಿದರೆ ಎಷ್ಟು ದಿನ ಸಾಕು?

24ರಿಂದ 26 ಗಂಟೆ. ಕೋಳಿಗೆ ಎಡಗಡೆಯ ಅಂಡಾಶಯ ಮಾತ್ರ ಕೆಲಸ ಮಾಡುತ್ತದೆ. ಹಳದಿ ಅಲ್ಲಿಂದ ಕಳಚಿ ನಾಳದ ಬಾಯಿಗೆ ಬಿದ್ದಾಗ ಅಲ್ಲಿ ಕಾಲು–ಅರ್ಧ ಗಂಟೆ ಮಾತ್ರ ಇರುತ್ತದೆ. ವೀರ್ಯಾಣು ಸೇರಬೇಕಾದದ್ದು ಆ ಗಳಿಗೆಯಲ್ಲೇ. ಮುಂದೆ ಸುಮಾರು ಮೂರು ಗಂಟೆ ಬಿಳಿ ಲೋಳೆ ಸುತ್ತಿಕೊಳ್ಳುತ್ತದೆ, ಒಂದೂಕಾಲು ಗಂಟೆ ಒಳಪೊರೆ, ಆಮೇಲೆ ಸುಮಾರು ಇಪ್ಪತ್ತು ಗಂಟೆ ಚಿಪ್ಪು. ಚಿಪ್ಪಿನ ಕೆಲಸದ ಬಹುಪಾಲು ನಡೆಯುವುದು ರಾತ್ರಿ. ಆದ್ದರಿಂದ ಕಪ್ಪೆಚಿಪ್ಪಿನ ಚೂರು ಅಥವಾ ದಪ್ಪ ಸುಣ್ಣದ ಹರಳನ್ನು ಸಂಜೆಯ ಮೇವಿಗೆ ಹಾಕಬೇಕು. ಬೆಳಿಗ್ಗೆ ಹಾಕಿದರೆ ಅದರ ಪ್ರಯೋಜನ ಅಷ್ಟಕ್ಕಷ್ಟೇ.

ಹುಂಜ ಒಮ್ಮೆ ಕೂಡಿದ ಮೇಲೆ ವೀರ್ಯಾಣುಗಳು ಕೋಳಿಯ ತತ್ತಿನಾಳದ ಕೆಳಭಾಗದಲ್ಲಿರುವ ಸಣ್ಣ ಸಣ್ಣ ಚೀಲಗಳಲ್ಲಿ ಉಳಿದು, ಎರಡು–ಮೂರು ವಾರದವರೆಗೂ ತತ್ತಿಗಳನ್ನು ಫಲಿಸಬಲ್ಲವು. ತಳಿ ಬದಲಿಸುವವರು ಇದನ್ನು ಮರೆಯಬಾರದು. ಹಳೆಯ ಹುಂಜ ತೆಗೆದು ಹೊಸ ತಳಿಯ ಹುಂಜ ಬಿಟ್ಟರೆ, ಮೊದಲ ಮೂರು ವಾರದ ತತ್ತಿಗಳನ್ನು ಮರಿಗೆ ಇಡಬೇಡಿ. ಇಟ್ಟರೆ ಯಾವ ಮರಿ ಯಾವ ಹುಂಜದ್ದು ಎಂದು ಹೇಳಲಾಗದು.

ಎಷ್ಟು ಕೋಳಿಗೆ ಎಷ್ಟು ಹುಂಜ?

ಬ್ರಾಯ್ಲರ್ ಬ್ರೀಡರ್‌ನಲ್ಲಿ ಹತ್ತು ಹೆಣ್ಣಿಗೆ ಒಂದು ಹುಂಜ ಸರಿಯಾದ ಲೆಕ್ಕ. ಹುಂಜ ಹೆಚ್ಚಾದರೆ ಫಲವತ್ತತೆ ಏರುವುದಿಲ್ಲ, ಜಗಳವೂ ಹೆಣ್ಣುಗಳ ಬೆನ್ನ ಗಾಯವೂ ಏರುತ್ತವೆ.

ಪಂಜರದ ಬ್ರೀಡರ್ ಕೋಳಿಗೆ ಕೃತಕ ಗರ್ಭಧಾರಣೆ ಹೇಗೆ ಮಾಡುತ್ತಾರೆ?

ಹುಂಜದ ಬೆನ್ನು, ಹೊಟ್ಟೆ ನೇವರಿಸಿ ವೀರ್ಯ ತೆಗೆಯುವ ವಿಧಾನ 1930ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡದ್ದು. ಇವತ್ತಿಗೂ ಎಲ್ಲ ಕಡೆ ಅದನ್ನೇ ಅನುಸರಿಸುತ್ತಾರೆ. ಪಳಗಿದ ಕೈಯವರು ಇಬ್ಬರಿದ್ದರೆ ಕೆಲಸ ಚಕಚಕನೆ ಸಾಗುತ್ತದೆ. ಸಮಯ ಮಧ್ಯಾಹ್ನದ ನಂತರವೇ ಆಗಬೇಕು. ಬೆಳಿಗ್ಗೆ ಬಹಳಷ್ಟು ಕೋಳಿಗಳ ನಾಳದಲ್ಲಿ ಗಟ್ಟಿ ಚಿಪ್ಪಿನ ತತ್ತಿ ಇರುತ್ತದೆ, ಆಗ ವೀರ್ಯ ಹಾಕಿದರೆ ಅದು ಮೇಲೇರುವುದಿಲ್ಲ. ಒಂದು ಕೋಳಿಗೆ 0.05 ಮಿಲಿ ಲೀಟರ್‌ನಷ್ಟು ಶುದ್ಧ ವೀರ್ಯ ಸಾಕು. ಅದರಲ್ಲಿ ಹತ್ತು ಕೋಟಿಗೂ ಹೆಚ್ಚು ವೀರ್ಯಾಣು ಇರುತ್ತವೆ. ಐದರಿಂದ ಏಳು ದಿನಕ್ಕೊಮ್ಮೆ ಮತ್ತೆ ಹಾಕಬೇಕು. ತೆಗೆದ ವೀರ್ಯವನ್ನು ತೆಳುಗೊಳಿಸದೆ ಬಳಸುವುದಾದರೆ ಅರ್ಧ ಗಂಟೆಯೊಳಗೆ ಮುಗಿಸಬೇಕು. ನೀರು ತಾಗಿದರೆ, ಹಿಕ್ಕೆ ಬೆರೆತರೆ ಎಲ್ಲ ವ್ಯರ್ಥ. ಸಿರಿಂಜನ್ನು ಒಂದು ಕೋಳಿಯಿಂದ ಇನ್ನೊಂದಕ್ಕೆ ಒರೆಸದೆ ಒಯ್ಯುವುದು ರೋಗವನ್ನು ಕೈಯಾರೆ ಹಂಚಿದಂತೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಏಪ್ರಿಲ್–ಮೇನಲ್ಲಿ ಹ್ಯಾಚ್ ಏಕೆ ಬೀಳುತ್ತದೆ?

ರಾಯಚೂರು, ಬಳ್ಳಾರಿಯಲ್ಲಿ ಪಾದರಸ ನಲವತ್ತು ಡಿಗ್ರಿ ದಾಟುವ ದಿನಗಳಲ್ಲಿ ಪೆಟ್ಟು ಮೂರು ಕಡೆಯಿಂದ ಬೀಳುತ್ತದೆ.

ಮೊದಲನೆಯದು ಹುಂಜಕ್ಕೆ. ಹಕ್ಕಿಯ ವೃಷಣ ಹೊಟ್ಟೆಯೊಳಗೇ ಇರುತ್ತದೆ, ಸುಮಾರು 41 ಡಿಗ್ರಿ ದೇಹದ ಬಿಸಿಯಲ್ಲೂ ವೀರ್ಯಾಣು ತಯಾರಿಸುತ್ತದೆ. ಆದರೆ ಶೆಡ್ಡೇ ಕಾದಾಗ ವೀರ್ಯದ ಪ್ರಮಾಣವೂ, ಅದರ ಚುರುಕೂ ಇಳಿಯುತ್ತವೆ. ಹುಂಜ ಹೆಣ್ಣಿನ ಹತ್ತಿರ ಸುಳಿಯುವುದೇ ಕಡಿಮೆಯಾಗುತ್ತದೆ. ಬಿಸಿಲು ತಗ್ಗಿದ ಮೇಲೂ ಕೆಲವು ವಾರ ಅದರ ಪರಿಣಾಮ ಉಳಿಯುತ್ತದೆ, ಏಕೆಂದರೆ ಹೊಸ ವೀರ್ಯಾಣು ತಯಾರಾಗಲು ಸಮಯ ಬೇಕು. ಜೂನ್ ಮಳೆ ಬಿದ್ದರೂ ಹ್ಯಾಚ್ ತಕ್ಷಣ ಏರದಿರುವುದಕ್ಕೆ ಕಾರಣ ಇದು.

ಎರಡನೆಯದು ಹೆಣ್ಣಿಗೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಂಪಾಗಬೇಕು. ಹಾಗೆ ಉಸಿರಾಡುವಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್‌ಗೇ ಕೊರತೆ ಬೀಳುತ್ತದೆ. ಜೊತೆಗೆ ಮೇವು ತಿನ್ನುವುದೂ ಕಡಿಮೆ. ಹೀಗೆ ಚಿಪ್ಪು ತೆಳುವಾಗಿ ಸೀಳುಬಿಡುತ್ತದೆ, ಅದರ ಮೂಲಕ ಕ್ರಿಮಿ ಒಳಸೇರುತ್ತದೆ. ಕುಡಿಯುವ ನೀರಿಗೆ ಅಡುಗೆ ಸೋಡಾ, ವಿಟಮಿನ್ ಸಿ ಕೊಡುವುದು, ಬೆಳಗಿನ ಜಾವ ಮತ್ತು ಸಂಜೆ ತಂಪಿನಲ್ಲೇ ಮೇವು ಹಾಕುವುದು ಇದಕ್ಕಾಗಿ. ನೀರಿನ ಟ್ಯಾಂಕು ಬಿಸಿಲಿಗೆ ಕಾದಿದ್ದರೆ ಈ ಯಾವುದೂ ಕೆಲಸಕ್ಕೆ ಬಾರದು. ಮೊದಲು ಟ್ಯಾಂಕಿಗೆ ನೆರಳು ಮಾಡಿ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ. ಫಲಿತ ತತ್ತಿ ಕೋಳಿಯಿಂದ ಹೊರಬೀಳುವಾಗಲೇ ಅದರಲ್ಲಿ ಹತ್ತಾರು ಸಾವಿರ ಕೋಶಗಳ ಭ್ರೂಣ ಇರುತ್ತದೆ. ತಂಪಿಗೆ ಬಂದೊಡನೆ ಅದು ಮಲಗುತ್ತದೆ, ಕಾವು ಸಿಕ್ಕಾಗ ಎದ್ದು ಬೆಳೆಯುತ್ತದೆ. ಆ ಗಡಿ ಇಪ್ಪತ್ತೆರಡು–ಇಪ್ಪತ್ತನಾಲ್ಕು ಡಿಗ್ರಿಯ ಆಸುಪಾಸು. ಮೇ ತಿಂಗಳಲ್ಲಿ ಮಾನ್ವಿಯ ಒಂದು ಕೋಣೆಯಲ್ಲಿ 38 ಡಿಗ್ರಿಯಲ್ಲಿ ತತ್ತಿ ಕೂಡಿಟ್ಟರೆ ಭ್ರೂಣ ಅಲ್ಲೇ ಅರೆಬರೆ ಬೆಳೆಯಲು ತೊಡಗಿ, ರಾತ್ರಿ ತಂಪಿಗೆ ನಿಂತು, ಮತ್ತೆ ಬೆಳೆದು ಸಾಯುತ್ತದೆ. ತತ್ತಿಗೆ ಕಾವು ಕೊಟ್ಟು ಮರಿ ಮಾಡಿಸುವ ಹ್ಯಾಚರಿಯಲ್ಲಿ ಒಡೆದು ನೋಡಿದಾಗ ಮೊದಲ ಮೂರ್ನಾಲ್ಕು ದಿನದ ಸಾವು ಕಾಣುತ್ತದೆ, ಬರಿಗಣ್ಣಿಗೆ ಅದು ಫಲಿಸದ ತತ್ತಿಯಂತೆಯೇ ತೋರುತ್ತದೆ. ಹುಂಜಕ್ಕೆ ಬೈಗುಳ ಸಿಗುತ್ತದೆ, ತಪ್ಪು ಕೋಣೆಯದ್ದಾಗಿರುತ್ತದೆ. ದಿನಕ್ಕೆ ನಾಲ್ಕೈದು ಸಲ ತತ್ತಿ ಆರಿಸಿ, 15ರಿಂದ 18 ಡಿಗ್ರಿಯ ಕೋಣೆಗೆ ಸೇರಿಸಿ, ಒಂದು ವಾರದೊಳಗೆ ಕಾವಿನ ಮಷಿನ್ನಿಗೆ ಇಡಬೇಕು.

ಮನೆಯಲ್ಲಿ ಸಣ್ಣ ಇನ್‌ಕ್ಯುಬೇಟರ್ ಇದೆ. ಸರಿಯಾದ ಲೆಕ್ಕ ಏನು? ಕರೆಂಟ್ ಹೋದರೆ?

21 ದಿನ. ಫ್ಯಾನ್ ಇರುವ ಮಷಿನ್ನಾದರೆ 37.5ರಿಂದ 37.8 ಡಿಗ್ರಿ. ಮೊದಲ 18 ದಿನ ತೇವಾಂಶ 55–60 ಶೇಕಡಾ, ಕೊನೆಯ ಮೂರು ದಿನ 65–75. ಹದಿನೆಂಟನೇ ದಿನದವರೆಗೆ ತಿರುಗಿಸುತ್ತಿರಬೇಕು, ಆಮೇಲೆ ತಿರುಗಿಸಬಾರದು. ಏಳರಿಂದ ಹತ್ತನೇ ದಿನಕ್ಕೆ ಕತ್ತಲಲ್ಲಿ ಟಾರ್ಚ್ ಹಿಡಿದು ಖಾಲಿ ತತ್ತಿ ತೆಗೆಯಿರಿ. ಹದಿನೆಂಟನೇ ದಿನಕ್ಕೆ ತತ್ತಿಯ ತೂಕ ಶೇ 11–13ರಷ್ಟು ಇಳಿದಿದ್ದರೆ ತೇವಾಂಶ ಸರಿಯಿದೆ ಎಂದರ್ಥ. ಮಷಿನ್ನಿನ ಮೀಟರಿಗಿಂತ ತಕ್ಕಡಿಯನ್ನು ನಾನು ಹೆಚ್ಚು ನಂಬುತ್ತೇನೆ.

ಕರೆಂಟ್ ಹೋದರೆ ಮೊದಲ ವಾರದ ತತ್ತಿಗೆ ತಂಪಿನ ಭಯ, ಕೊನೆಯ ವಾರದ್ದಕ್ಕೆ ಸೆಕೆಯ ಭಯ. ಬೆಳೆದ ಭ್ರೂಣ ತಾನೇ ಬಿಸಿ ಹುಟ್ಟಿಸುತ್ತದೆ. ಫ್ಯಾನ್ ನಿಂತ ಪೆಟ್ಟಿಗೆಯಲ್ಲಿ ಅದು ಬೇಯುತ್ತದೆ. ಆದ್ದರಿಂದ ಕೊನೆಯ ವಾರವಾಗಿದ್ದರೆ ಬಾಗಿಲು ಸ್ವಲ್ಪ ತೆರೆದಿಡಿ.

ಒಂದು ದಿನದ ಮರಿ ಗಂಡೋ ಹೆಣ್ಣೋ ಹೇಗೆ ತಿಳಿಯುತ್ತಾರೆ? ಗಂಡು ಮರಿಗಳು ಏನಾಗುತ್ತವೆ?

ಮನುಷ್ಯರಲ್ಲಿ ಗಂಡೋ ಹೆಣ್ಣೋ ನಿರ್ಧಾರವಾಗುವುದು ತಂದೆಯಿಂದ, ಕೋಳಿಯಲ್ಲಿ ತಾಯಿಯಿಂದ. ಹುಂಜದಲ್ಲಿ ಎರಡು ಝಡ್ ಕ್ರೋಮೊಸೋಮ್, ಹೆಣ್ಣಿನಲ್ಲಿ ಒಂದು ಝಡ್ ಒಂದು ಡಬ್ಲ್ಯು. ರೆಕ್ಕೆಪುಕ್ಕ ನಿಧಾನವಾಗಿ ಬೆಳೆಸುವ ಪ್ರಬಲ ಜೀನ್ ಈ ಝಡ್ ಮೇಲೆ ಕೂತಿದೆ. ಬೇಗ ಪುಕ್ಕ ಬರುವ ಹುಂಜಕ್ಕೆ ನಿಧಾನ ಪುಕ್ಕದ ಹೆಣ್ಣನ್ನು ಕೂಡಿಸಿದರೆ, ಹೆಣ್ಣು ಮರಿಗೆ ತಂದೆಯ ಝಡ್ ಮಾತ್ರ ಬಂದು ಪುಕ್ಕ ಬೇಗ ಬೆಳೆಯುತ್ತದೆ. ಗಂಡು ಮರಿಗೆ ತಾಯಿಯ ಝಡ್ ಕೂಡ ಬರುವುದರಿಂದ ಪುಕ್ಕ ನಿಧಾನ. ಮರಿಯ ರೆಕ್ಕೆ ಬಿಡಿಸಿದಾಗ ಕೆಳಸಾಲಿನ ಪುಕ್ಕ ಮೇಲ್ಸಾಲಿಗಿಂತ ಉದ್ದವಿದ್ದರೆ ಹೆಣ್ಣು, ಎರಡೂ ಸಮವಿದ್ದರೆ ಅಥವಾ ಗಿಡ್ಡವಿದ್ದರೆ ಗಂಡು. ಇದು ಹುಟ್ಟಿದ ದಿನವೇ ನೋಡಬೇಕಾದ್ದು, ಮತ್ತು ಹೀಗೆ ಬೇಕೆಂದೇ ಕೂಡಿಸಿದ ತಳಿಯಲ್ಲಿ ಮಾತ್ರ. ಜವಾರಿ ಮರಿಯ ರೆಕ್ಕೆ ನೋಡಿ ಗಂಡು–ಹೆಣ್ಣು ಹೇಳುವವರನ್ನು ನಂಬಬೇಡಿ. ಗುದದ್ವಾರ ನೋಡಿ ಹೇಳುವ ಜಪಾನೀ ವಿಧಾನವೂ ಇದೆ, ಅದಕ್ಕೆ ದೀರ್ಘ ತರಬೇತಿ ಬೇಕು.

ಲೇಯರ್ ತಳಿಯ ಗಂಡು ಮರಿ ತತ್ತಿ ಇಡುವುದಿಲ್ಲ, ಮಾಂಸಕ್ಕೂ ನಿಧಾನ. ಹೀಗಾಗಿ ಹ್ಯಾಚರಿಗಳಲ್ಲಿ ಹುಟ್ಟಿದ ದಿನವೇ ಕೊಲ್ಲುತ್ತಾರೆ, ಇಲ್ಲವೇ ಪುಡಿಗಾಸಿಗೆ ಮಾರುತ್ತಾರೆ. ಸಂತೆ, ಜಾತ್ರೆಗಳಲ್ಲಿ ಗುಲಾಬಿ, ಹಸಿರು ಬಣ್ಣ ಹಚ್ಚಿ ಮಾರುವವು ಬಹುತೇಕ ಇವೇ. ಜರ್ಮನಿ 2022ರಿಂದ ಈ ಕೊಲ್ಲುವಿಕೆಯನ್ನು ನಿಷೇಧಿಸಿದೆ, ಅಲ್ಲಿ ತತ್ತಿಯೊಳಗಿರುವಾಗಲೇ ಲಿಂಗ ಪತ್ತೆ ಮಾಡುವ ಯಂತ್ರಗಳು ಬಂದಿವೆ. ನಮ್ಮಲ್ಲೂ ಆ ದಿನ ಬೇಗ ಬರಬೇಕು. ಅಲ್ಲಿಯವರೆಗೆ ಮಕ್ಕಳಿಗೆ ಆಟಿಕೆಯಾಗಿ ಬಣ್ಣದ ಮರಿ ಕೊಡಿಸಬೇಡಿ, ಕಾವಿಲ್ಲದೆ ಅವು ಬೇಗ ಸಾಯುತ್ತವೆ.

ತಾಯಿಯಿಂದ ಮರಿಗೆ ರೋಗ ಬರುತ್ತದೆಯೇ? ಹ್ಯಾಚರಿಯವರನ್ನು ಏನು ಕೇಳಬೇಕು?

ಬರುತ್ತದೆ. ಬಿಳಿಭೇದಿ ತರುವ ಸಾಲ್ಮೊನೆಲ್ಲಾ ಪುಲ್ಲೋರಮ್, ಉಸಿರಾಟದ ಮೈಕೋಪ್ಲಾಸ್ಮಾ ಎರಡೂ ತತ್ತಿಯ ಮೂಲಕವೇ ಇಳಿಯುತ್ತವೆ. ಒಳ್ಳೆಯದೂ ಇಳಿಯುತ್ತದೆ: ತಾಯಿಗೆ ಗುಂಬೋರೋ ರೋಗದ ಲಸಿಕೆ ಸರಿಯಾಗಿ ಬಿದ್ದಿದ್ದರೆ ಅದರ ರಕ್ಷಣೆ ಹಳದಿಯ ಮೂಲಕ ಮರಿಗೆ ಬಂದು ಮೊದಲ ಎರಡು–ಮೂರು ವಾರ ಕಾಯುತ್ತದೆ.

ಆದ್ದರಿಂದ ಪೇರೆಂಟ್ ಫ್ಲಾಕಿನ (ತಂದೆ–ತಾಯಿ ಕೋಳಿಗಳ ಹಿಂಡಿನ) ವಯಸ್ಸು ಕೇಳಿ. 26 ವಾರದ ತಾಯಿಯ ತತ್ತಿ ಚಿಕ್ಕದು, ಮರಿಯ ತೂಕ ತತ್ತಿಯ ತೂಕದ ಮೂರರಲ್ಲಿ ಎರಡು ಪಾಲು, ಹಾಗಾಗಿ ಮರಿಯೂ ಚಿಕ್ಕದು. ಅದನ್ನು 50 ವಾರದ ತಾಯಿಯ ಮರಿಯ ಜೊತೆ ಮರಿಗಳಿಗೆ ಕಾವು ಕೊಡುವ ಒಂದೇ ಬ್ರೂಡರಿನಲ್ಲಿ ಬೆರೆಸಿದರೆ ಸಣ್ಣವು ಮೇವಿಗೂ ನೀರಿಗೂ ತಲುಪುವುದಿಲ್ಲ. ಮೈಕೋಪ್ಲಾಸ್ಮಾ, ಸಾಲ್ಮೊನೆಲ್ಲಾ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಲೇಯರ್ ಮರಿಯಾದರೆ ಮ್ಯಾರೆಕ್ಸ್ ರೋಗದ ಲಸಿಕೆ ಹ್ಯಾಚರಿಯಲ್ಲೇ ಮೊದಲ ದಿನ ಹಾಕಿದ್ದಾರೆಯೇ ಎಂಬುದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ. ಕಾಂಟ್ರ್ಯಾಕ್ಟ್ ಸಾಕಣೆದಾರರಿಗೆ ಕಂಪನಿ ಮರಿಯನ್ನು ಆರಿಸಿಕೊಳ್ಳಲು ಬಿಡುವುದಿಲ್ಲ. ಆದರೂ ಫ್ಲಾಕ್ ವಯಸ್ಸನ್ನು ಕೇಳಿ ಬರೆದಿಟ್ಟುಕೊಳ್ಳಿ. ಬ್ಯಾಚ್ ಸೋತಾಗ ಮಾತಾಡಲು ಅದೇ ಆಧಾರ.

ಹತ್ತಿಕಾಳು ಹಿಂಡಿ ಇಲ್ಲಿ ಅಗ್ಗ. ಬ್ರೀಡರ್‌ಗೆ ಹಾಕಬಹುದೇ?

ಬೇಡ. ಹತ್ತಿಕಾಳಿನಲ್ಲಿರುವ ಗಾಸಿಪಾಲ್ ಎಂಬ ವಿಷಾಂಶ ತತ್ತಿಯೊಳಗಿನ ಕಬ್ಬಿಣದೊಂದಿಗೆ ಸೇರಿ ಹಳದಿಯನ್ನು ಕಂದು–ಹಸಿರಾಗಿಸುತ್ತದೆ. ಅದರ ಎಣ್ಣೆಯಲ್ಲಿನ ಇನ್ನೊಂದು ಅಂಶ ಬಿಳಿಯನ್ನು ಗುಲಾಬಿ ಮಾಡಿ ಭ್ರೂಣವನ್ನೂ ಕೊಲ್ಲುತ್ತದೆ. ಮಳೆಗಾಲದ ಶೇಂಗಾ ಹಿಂಡಿ, ಒದ್ದೆ ಮೆಕ್ಕೆಜೋಳದ ಬೂಷ್ಟಿನ ವಿಷವೂ ಅಷ್ಟೇ ಅಪಾಯ. ಇನ್ನೂ ಒಂದು: ಉಳಿದ ಬ್ರಾಯ್ಲರ್ ಮೇವನ್ನು ಬ್ರೀಡರ್‌ಗೆ ಸುರಿಯಬೇಡಿ. ಅದರಲ್ಲಿ ರಕ್ತಭೇದಿಗೆ ಹಾಕುವ ನೈಕಾರ್ಬಜಿನ್ ಎಂಬ ಔಷಧ ಇದ್ದರೆ ಕಂದು ತತ್ತಿಯ ಚಿಪ್ಪು ಬಿಳಿಚಿಕೊಳ್ಳುತ್ತದೆ, ಹ್ಯಾಚ್ ದಿಢೀರನೆ ಕುಸಿಯುತ್ತದೆ. ಆ ಮೇವು ನಿಲ್ಲಿಸಿದರೆ ಎರಡೂ ಸರಿಹೋಗುತ್ತವೆ.

ಹಿತ್ತಲಿಗೆ ಯಾವ ತಳಿ? ಗಿರಿರಾಜದಿಂದ ಗಿರಿರಾಜ ಮರಿ ಮಾಡಿಸಬಹುದೇ?

ಗಿರಿರಾಜ, ಸ್ವರ್ಣಧಾರ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದವು. ವನರಾಜ, ಗ್ರಾಮಪ್ರಿಯ ಹೈದರಾಬಾದಿನ ಕುಕ್ಕುಟ ಸಂಶೋಧನಾ ನಿರ್ದೇಶನಾಲಯದವು. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ. ಇವೂ ಸಂಕರ ತಳಿಗಳೇ, ಮನೆಯಲ್ಲಿ ಮಾಡಿಸಿದ ಮರಿಯಲ್ಲಿ ಗುಣ ಇಳಿಮುಖವಾಗುತ್ತದೆ, ಪ್ರತಿ ಸಲ ಹೊಸ ಮರಿ ತರುವುದೇ ಸರಿ. ಹೆಚ್ಚು ತತ್ತಿಗಾಗಿ ಆಯ್ದ ತಳಿಗಳಲ್ಲಿ ಕಾವು ಕೂರುವ ಗುಣವೂ ಹೊರಟುಹೋಗಿರುತ್ತದೆ.

ಜವಾರಿ ಕೋಳಿ ಮಾತ್ರ ತನ್ನ ಮರಿಯನ್ನು ತಾನೇ ಮಾಡಿ ಸಾಕುತ್ತದೆ. ವರ್ಷಕ್ಕೆ ತತ್ತಿ ಕಡಿಮೆ ಇಟ್ಟರೂ ಬಿಸಿಲು, ಬೇಟೆ ಪ್ರಾಣಿಗಳನ್ನು ತಡೆದುಕೊಳ್ಳುವುದರಲ್ಲಿ ಅದಕ್ಕೆ ಸಾಟಿಯಿಲ್ಲ. ಜವಾರಿಯಲ್ಲಿ ಬೋಳುಗುತ್ತಿಗೆಯ ಕೋಳಿ ಇದ್ದರೆ ಕೊಯ್ಯಬೇಡಿ. ಆ ಗುಣ ತರುವ ಒಂದೇ ಪ್ರಬಲ ಜೀನ್ ಮೈಪುಕ್ಕವನ್ನು ಗಣನೀಯವಾಗಿ ಕಡಿಮೆ ಮಾಡಿ ಮೈಬಿಸಿ ಹೊರಹೋಗಲು ದಾರಿ ಕೊಡುತ್ತದೆ, ಬಿಸಿಲುನಾಡಿನ ತಳಿ ಅಭಿವೃದ್ಧಿಯಲ್ಲಿ ಅದಕ್ಕೆ ದೊಡ್ಡ ಬೆಲೆಯಿದೆ. ಒಂದೇ ಹುಂಜವನ್ನು ಅದರ ಮಕ್ಕಳು, ಮೊಮ್ಮಕ್ಕಳ ಮೇಲೂ ಬಿಡುವುದು ನಮ್ಮ ಹಳ್ಳಿಗಳಲ್ಲಿ ಸಾಮಾನ್ಯ. ಅದರಿಂದ ತತ್ತಿ, ಮರಿ ಎರಡೂ ಸೊರಗುತ್ತವೆ. ವರ್ಷಕ್ಕೊಮ್ಮೆ ಪಕ್ಕದೂರಿನವರೊಂದಿಗೆ ಹುಂಜ ಬದಲಿಸಿಕೊಳ್ಳಿ.

ಹಕ್ಕಿಜ್ವರ ಬಂದರೆ ಮರಿ ತರಿಸಬಹುದೇ?

2025ರ ಆರಂಭದಲ್ಲಿ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ ಹಕ್ಕಿಜ್ವರ ದೃಢಪಟ್ಟಾಗ ಎಲ್ಲರೂ ಕೇಳಿದ ಪ್ರಶ್ನೆ ಇದು. ರೋಗ ಕಂಡ ಜಾಗದಿಂದ ಸುತ್ತಲೂ ಒಂದು ಕಿಲೋಮೀಟರ್‌ವರೆಗೆ ಸೋಂಕಿತ ವಲಯ, ಹತ್ತು ಕಿಲೋಮೀಟರ್‌ವರೆಗೆ ಕಣ್ಗಾವಲು ವಲಯ. ಪಶುಸಂಗೋಪನಾ ಇಲಾಖೆ ಬಿಡುಗಡೆ ಹೇಳುವವರೆಗೆ ಆ ವಲಯದಲ್ಲಿ ಮರಿ, ತತ್ತಿ, ಗೊಬ್ಬರ, ತತ್ತಿ ಟ್ರೇ ಯಾವುದನ್ನೂ ಸಾಗಿಸಬಾರದು. ಮರಿ ಆರ್ಡರ್ ಕೊಟ್ಟಿದ್ದರೆ ಮುಂದೂಡಿ. ನಿಮ್ಮ ಶೆಡ್ಡಿನಲ್ಲಿ ಕೋಳಿಗಳು ಒಮ್ಮೆಲೇ ಸಾಯತೊಡಗಿದರೆ ಅಂದೇ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ತಿಳಿಸಿ. ಸರ್ಕಾರ ಪರಿಹಾರ ಕೊಡುವುದು ಇಲಾಖೆಯೇ ಕೊಂದು ಹೂಳಿದ ಕೋಳಿ, ನಾಶ ಮಾಡಿದ ತತ್ತಿ ಮತ್ತು ಮೇವಿಗೆ. ತಿಳಿಸುವ ಮುನ್ನವೇ ಸತ್ತ ಕೋಳಿಗೆ ಪರಿಹಾರ ಸಿಗುವುದಿಲ್ಲ.